ಆ ಮಾತು ಬೈಬಲ್‌ನಲ್ಲಿ ಇಲ್ಲ

ಕಳೆದ ವಾರ ನಾನೇ ಒಂದು ಚಿತ್ರ ಹಂಚಿದ್ದೆ. "ತನಗೆ ತಾನೇ ಸಹಾಯ ಮಾಡಿಕೊಳ್ಳುವವನಿಗೆ ದೇವರು ಸಹಾಯ ಮಾಡುತ್ತಾನೆ" ಅಂತ, ಕೆಳಗೆ "ಬೈಬಲ್ ವಚನ" ಎಂದೂ ಇತ್ತು. ಅದು ತಪ್ಪು. ಪುಟ ತಿರುವಿ ನೋಡದೆ ಸುಮ್ನೆ ಕಳಿಸಿಬಿಟ್ಟೆ, ಈಗ ಅದು ನಾಲ್ಕು ಗ್ರೂಪು ಸುತ್ತಿ ನನಗೇ ವಾಪಸ್ ಬಂದಿದೆ!

ಈ ಮಾತು ಬೈಬಲ್‌ನ ಎರಡು ಭಾಗಗಳಾದ ಹಳೆಯ ಒಡಂಬಡಿಕೆಯಲ್ಲೂ ಇಲ್ಲ, ಹೊಸದರಲ್ಲೂ ಇಲ್ಲ. ಇಂಥದೇ ನೀತಿ ಈಸೋಪನ ಕಥೆಯಲ್ಲಿದೆ: ಕೆಸರಲ್ಲಿ ಗಾಡಿ ಸಿಕ್ಕಿಕೊಂಡು ಬೇಡಿಕೊಂಡವನಿಗೆ ಗ್ರೀಕರ ದೇವರು ಹರ್ಕ್ಯುಲಿಸ್, ಮೊದಲು ನೀನೇ ಚಕ್ರಕ್ಕೆ ಹೆಗಲು ಕೊಡು ಅನ್ನುತ್ತಾನೆ. ಅಮೆರಿಕದ ಲೇಖಕ ಬೆಂಜಮಿನ್ ಫ್ರಾಂಕ್ಲಿನ್ 1736ರ ತನ್ನ ಪಂಚಾಂಗದಲ್ಲಿ ಹಾಕಿದ ಮೇಲೆ ಇದು ಇನ್ನೂ ಜಾಸ್ತಿ ಹರಡಿತು.

ರಕ್ಷಣೆಯ, ಅಂದರೆ ಪಾಪದಿಂದ ಬಿಡುಗಡೆಯ ಬಗ್ಗೆ ಬೈಬಲ್ ಹೇಳುವುದು ಹೆಚ್ಚುಕಡಿಮೆ ಇದಕ್ಕೆ ಉಲ್ಟಾ. ಎಫೆಸದವರಿಗೆ ಬರೆದ ಪತ್ರದ 2ನೇ ಅಧ್ಯಾಯ, 8 ಮತ್ತು 9ನೇ ವಚನ ನೋಡಿ. ರಕ್ಷಣೆ ಸಿಗುವುದು ಕೃಪೆಯಿಂದ, ನಂಬಿಕೆಯ ಮೂಲಕ; ಅದು ದೇವರ ವರ, ನಮ್ಮ ಕೆಲಸದ ಫಲವಲ್ಲ, ಆದ್ದರಿಂದ ಯಾರೂ ಹೆಮ್ಮೆ ಪಡುವಂತಿಲ್ಲ ಅನ್ನುವುದು ಅದರ ಅರ್ಥ. ಹಾಗಾದರೆ ಒಳ್ಳೆ ಕೆಲಸ ಬೇಡವಾ? ಬೇಕು. ಮುಂದಿನ 10ನೇ ವಚನವೇ ಅದಕ್ಕೆ ಉತ್ತರ, ಆದರೆ ಅಲ್ಲಿ ಕೆಲಸ ಕೃಪೆಯ ನಂತರ ಬರುತ್ತದೆ, ಅದಕ್ಕೆ ಮೊದಲಲ್ಲ. ನಿಮ್ಮ ರಕ್ಷಣೆಯನ್ನು ನೀವೇ ಸಾಧಿಸಿಕೊಳ್ಳಿ ಅನ್ನುವ, ಫಿಲಿಪ್ಪಿಯವರಿಗೆ ಬರೆದ ಪತ್ರದ 2:12 ತೋರಿಸಿ ವಾದ ಮಾಡುವವರು 13ನೇ ವಚನವನ್ನೂ ಓದಬೇಕು ಅಲ್ವಾ? ನಮ್ಮೊಳಗೆ ಕೆಲಸ ಮಾಡುವವನು ದೇವರೇ ಅಂತ ಅಲ್ಲಿದೆ.

ಮಾತು ಇಷ್ಟವಾದರೆ ಗಾದೆ ಅಂತ ಹೇಳಿಕೊಳ್ಳಿ. "ಬೈಬಲ್ ವಚನ" ಅಂತಿರುವ ಆ ಚಿತ್ರವನ್ನು ಮಾತ್ರ ಇನ್ನು ಮುಂದೆ ಕಳಿಸಬೇಡಿ. ನನ್ನಿಂದ ಪಡೆದವರು ದಯವಿಟ್ಟು ಅಳಿಸಿಬಿಡಿ.