ಗುರುವಾರದ ಟರ್ಕಿಗೆ ಭಾನುವಾರದ ಲೆಕ್ಕ

ಅಮೆರಿಕದಲ್ಲಿ ನವೆಂಬರಿನ ನಾಲ್ಕನೇ ಗುರುವಾರ ಥ್ಯಾಂಕ್ಸ್‌ಗಿವಿಂಗ್ ಹಬ್ಬ, ಇಡೀ ಟರ್ಕಿ ಕೋಳಿ ಬೇಯಿಸಿ ಬಡಿಸುವ ದಿನ. ಅವತ್ತು ಮಧ್ಯಾಹ್ನ ಮೂರಕ್ಕೆ ಊಟಕ್ಕೆ ಬನ್ನಿ ಅಂತ ಹತ್ತು ಜನರನ್ನು ಕರೆದು, ರಾತ್ರಿ ಎಂಟಕ್ಕೆ ಪಿಜ್ಜಾ ತರಿಸುವ ಮನೆಗಳಲ್ಲಿ ಟರ್ಕಿ ಕೋಳಿ ಗುರುವಾರ ಕೆಟ್ಟಿತು ಅಂತಲೇ ಎಲ್ಲರೂ ಅಂದುಕೊಳ್ಳುತ್ತಾರೆ. ಕೆಟ್ಟಿದ್ದು ಅದಕ್ಕೂ ನಾಲ್ಕು ದಿನ ಮುಂಚೆ, ಭಾನುವಾರ, ಅದನ್ನು ಫ್ರೀಜರಿನಿಂದ ಕೆಳಗಿಳಿಸಲು ಯಾರಿಗೂ ನೆನಪಾಗದಿದ್ದಾಗ.

ಲೆಕ್ಕ ಇಷ್ಟೇ: ಫ್ರಿಜ್ಜಿನಲ್ಲಿ ಮಂಜು ಬಿಡಲು ಪ್ರತಿ 4–5 ಪೌಂಡಿಗೆ 24 ಗಂಟೆ. ತಲೆಗೆ ಒಂದೂಕಾಲು ಪೌಂಡ್ ಹಿಡಿದರೆ ಹತ್ತು ಜನಕ್ಕೆ 12–14 ಪೌಂಡಿನ ಹಕ್ಕಿ ಬೇಕು, ಅಂದರೆ ಸುಮಾರು ಆರು ಕಿಲೋ. ಅದಕ್ಕೆ ಮೂರರಿಂದ ನಾಲ್ಕು ದಿನ. ಊರಿನ ಕೋಳಿಯಂಗಡಿಯಲ್ಲಿ ಕಣ್ಣೆದುರೇ ಕೊಯ್ಯಿಸಿ, ಚರ್ಮ ತೆಗೆಸಿ, ಬಿರಿಯಾನಿ ಕಟ್ ಮಾಡಿಸಿಕೊಂಡು ಬಂದು ಅಭ್ಯಾಸವಾದ ಕನ್ನಡಿಗರಿಗೆ ಈ ನಾಲ್ಕು ದಿನದ ಮಾತು ನಂಬುವುದಕ್ಕೇ ಆಗುವುದಿಲ್ಲ. ಕೆಳಗಿನ ಅರೆಯಲ್ಲೇ, ಅಂಚು ಎತ್ತರವಿರುವ ತಟ್ಟೆಯ ಮೇಲೇ ಇಡಿ. ಪೊಟ್ಟಣ ಸೋರುತ್ತದೆ. ಮೇಲಿನ ಅರೆಯಲ್ಲಿಟ್ಟರೆ ಕೆಳಗಿರುವ ಇಡ್ಲಿ ಹಿಟ್ಟಿಗೂ ಕೊತ್ತಂಬರಿ ಸೊಪ್ಪಿಗೂ ಥ್ಯಾಂಕ್ಸ್‌ಗಿವಿಂಗ್ ಮುಂಚಿತವಾಗಿ ಶುರುವಾಗುತ್ತದೆ.

ಬುಧವಾರ ರಾತ್ರಿ ಒಳಗೆ ಬೆರಳು ಹಾಕಿದಾಗ ಐಸ್ ಸಿಕ್ಕಿತೋ, ಆಗ ತಣ್ಣೀರೇ ಗತಿ. ಸೋರದ ಚೀಲದಲ್ಲಿ ಕಟ್ಟಿ ಮುಳುಗಿಸಬೇಕು, ಪೌಂಡಿಗೆ ಅರ್ಧ ಗಂಟೆ, ಪ್ರತಿ ಅರ್ಧ ಗಂಟೆಗೂ ನೀರು ಬದಲಿಸಬೇಕು. 14 ಪೌಂಡಿಗೆ ಏಳು ಗಂಟೆ. ಸರಿಯಾಗಿ ಒಂದು ಜಾಗರಣೆ, ಭಜನೆ ಇಲ್ಲ ಅಷ್ಟೇ. ಬಿಸಿನೀರು ಸುರಿದು ಬೇಗ ಮುಗಿಸೋಣ ಅನ್ನಿಸುತ್ತದೆ, ಬೇಡ. ಒಳಗೆ ಕಲ್ಲಿನಂತಿರುವಾಗಲೇ ಹೊರಭಾಗ ಬ್ಯಾಕ್ಟೀರಿಯಾ ಬೆಳೆಯುವಷ್ಟು ಬೆಚ್ಚಗಾಗಿಬಿಡುತ್ತದೆ. ಗುರುವಾರ ಬೆಳಿಗ್ಗೆಯೂ ಗಟ್ಟಿಯಾಗೇ ಇದ್ದರೆ ಹಾಗೇ ಓವನ್ನಿಗೆ ಹಾಕಬಹುದು. ಹೊತ್ತು ಒಂದೂವರೆ ಪಟ್ಟು ಆಗುತ್ತದೆ, ಆದ್ದರಿಂದ ಮಧ್ಯಾಹ್ನದ ಊಟ ರಾತ್ರಿಯದಾಗುತ್ತದೆ, ಆದರೆ ಯಾರಿಗೂ ಹೊಟ್ಟೆ ಕೆಡುವುದಿಲ್ಲ.

ಗಟ್ಟಿ ಹಕ್ಕಿಯನ್ನು ಕಾದ ಎಣ್ಣೆಗೆ ಮಾತ್ರ ಬಿಡಬೇಡಿ. ನೀರು ಆವಿಯಾದರೆ ಅದರ ಗಾತ್ರ ಸುಮಾರು 1,700 ಪಟ್ಟು ಹಿಗ್ಗುತ್ತದೆ. ಹೊಟ್ಟೆಯೊಳಗಿನ ಐಸ್ 350 ಡಿಗ್ರಿ ಫ್ಯಾರನ್‌ಹೀಟ್ ಎಣ್ಣೆಯನ್ನು ಪಾತ್ರೆಯಿಂದಾಚೆ ಎತ್ತಿ, ಕೆಳಗಿನ ಉರಿಯ ಮೇಲೇ ಚೆಲ್ಲುತ್ತದೆ. ಅಮೆರಿಕದಲ್ಲಿ ಅಡುಗೆಯಿಂದ ಮನೆಗೆ ಬೆಂಕಿ ಬೀಳುವ ಘಟನೆಗಳು ವರ್ಷದಲ್ಲಿ ಅತಿ ಹೆಚ್ಚು ನಡೆಯುವುದು ಇದೇ ದಿನ.

ಮಂಜು ಬಿಟ್ಟಿತು ಅನ್ನಿ. ಹೊಟ್ಟೆಯೊಳಗೆ ಕೈ ಹಾಕಿದರೆ ಕುತ್ತಿಗೆಯ ತುಂಡು ಸಿಗುತ್ತದೆ. ಹೊಸಬರು ಗೆದ್ದೆವು ಅಂತ ಅಲ್ಲಿಗೇ ನಿಲ್ಲಿಸುತ್ತಾರೆ. ಇನ್ನೊಂದು ಪೊಟ್ಟಣ ಕುತ್ತಿಗೆಯ ಕಡೆ ಚರ್ಮದ ಮಡಿಕೆಯಲ್ಲಿ ಅಡಗಿ ಕೂತಿರುತ್ತದೆ: ಗುಂಡಿಗೆ, ಲಿವರ್, ಗಿಝರ್ಡ್ ಅನ್ನುವ ಗಟ್ಟಿ ಜಠರ. ಕಾಗದದ ಚೀಲವಾದರೆ ಬೆಂದರೂ ನಗೆಪಾಟಲಿನಲ್ಲಿ ಮುಗಿಯುತ್ತದೆ. ಪ್ಲಾಸ್ಟಿಕ್ ಚೀಲ ಕರಗಿದ್ದರೆ ಹಕ್ಕಿ ಪೂರ್ತಿ ಕಸಕ್ಕೆ. ಲಿವರ್ ಬಿಟ್ಟು ಉಳಿದದ್ದನ್ನು ಈರುಳ್ಳಿಯ ಜೊತೆ ಒಂದೆರಡು ಗಂಟೆ ಕುದಿಸಿಟ್ಟುಕೊಳ್ಳಿ, ಗ್ರೇವಿಗೆ ಬೇಕಾಗುತ್ತದೆ. ಲಿವರ್ ಸೇರಿದರೆ ಕಹಿ ಬರುತ್ತದೆ.

ಇನ್ನು ತೊಳೆಯುವುದು. ಅರಿಶಿನ ಸವರಿ ಮೂರು ನೀರಲ್ಲಿ ತೊಳೆಯದ ಕೋಳಿ ನಮ್ಮ ಅಡುಗೆಮನೆಗೆ ಕಾಲಿಡುವುದಿಲ್ಲ, ನಿಜ. ಆದರೆ ಸಿಂಕಿನಷ್ಟೇ ಅಗಲದ ಹಕ್ಕಿಯ ಮೇಲೆ ನಲ್ಲಿ ಬಿಟ್ಟರೆ ಹಸಿಮಾಂಸದ ನೀರು ಕಟ್ಟೆಗೂ, ಪಕ್ಕದ ಸಲಾಡಿಗೂ ಸಿಡಿಯುತ್ತದೆ. ಕ್ರಿಮಿ ಸಾಯುವುದು ಕಾವಿನಿಂದ, ನೀರಿನಿಂದಲ್ಲ. ಪೇಪರ್ ಟವೆಲಿನಲ್ಲಿ ಒತ್ತಿ ಒಣಗಿಸಿ. ಚರ್ಮ ಗರಿಗರಿಯಾಗಬೇಕಾದರೂ ಒಣಗಿರಲೇಬೇಕು.

ಉಪ್ಪು ಹಚ್ಚುವ ಮೊದಲು ಪೊಟ್ಟಣದ ಮೇಲಿನ ಸಣ್ಣಕ್ಷರ ಓದಿ. ಅಂಗಡಿಯ ಫ್ರೋಜನ್ ಟರ್ಕಿಗಳಲ್ಲಿ ಬಹಳಷ್ಟಕ್ಕೆ ಉಪ್ಪುನೀರು ಚುಚ್ಚಿಯೇ ಮಾರುತ್ತಾರೆ. ‘ಸೊಲ್ಯೂಶನ್’ ಅನ್ನುವ ಪದ ಕಂಡರೆ ನಿಮ್ಮ ಉಪ್ಪಿನ ಕೆಲಸ ಕಾರ್ಖಾನೆಯಲ್ಲೇ ಆಗಿದೆ. ಕಾಣದಿದ್ದರೆ ಐದು ಪೌಂಡಿಗೆ ಒಂದು ಟೇಬಲ್ ಚಮಚ ದಪ್ಪ ಕೋಷರ್ ಉಪ್ಪು, ಬುಧವಾರ ಹಚ್ಚಿ ಮುಚ್ಚದೆ ಫ್ರಿಜ್ಜಿನಲ್ಲಿಡಿ. ಪುಡಿ ಉಪ್ಪಾದರೆ ಅರ್ಧ ಸಾಕು, ಅದೇ ಚಮಚದಲ್ಲಿ ಅದು ಹೆಚ್ಚು ಹಿಡಿಯುತ್ತದೆ.

ಮಸಾಲೆ ಹಚ್ಚಬೇಡಿ ಅಂತ ಯಾರೂ ಹೇಳಿಲ್ಲ. ಹೊರಗೆ ಹಚ್ಚಬೇಡಿ ಅಂತಷ್ಟೇ. ಮೊಸರು, ಶುಂಠಿ-ಬೆಳ್ಳುಳ್ಳಿ, ಖಾರದ ಪುಡಿ ಕಲಸಿ ಮೈತುಂಬ ಬಳಿದರೆ ಮೂರು ಗಂಟೆಯ ಕಾವಿಗೆ ಬೆಳ್ಳುಳ್ಳಿ ಸೀದು ಕಹಿಯಾಗುತ್ತದೆ, ಮೊಸರಿನ ತೇವಕ್ಕೆ ಕೆಳಗಿನ ಚರ್ಮ ಚಪ್ಪಲಿಯಾಗುತ್ತದೆ. ಎದೆಯ ಭಾಗದಲ್ಲಿ ಚರ್ಮದ ಅಡಿಗೆ ಬೆರಳು ತೂರಿಸಿ ಮೆಲ್ಲಗೆ ಬಿಡಿಸಿ, ಬೆಣ್ಣೆಯಲ್ಲಿ ಕಲಸಿದ ಮಸಾಲೆಯನ್ನು ಆ ಸಂದಿಯಲ್ಲಿ ಹರಡಿ. ಮೇಲೆ ಬರೀ ಎಣ್ಣೆ. ಖಾರದ ಪುಡಿಗಿಂತ ಕಾಳುಮೆಣಸು ಈ ಮಾಂಸಕ್ಕೆ ಚೆನ್ನಾಗಿ ಹೊಂದುತ್ತದೆ, ಮಲೆನಾಡಿನವರಿಗೆ ಇದನ್ನು ಬೇರೆ ಹೇಳಬೇಕಿಲ್ಲ.

ಎದೆ ಮೇಲಾಗಿ ಇಡಬೇಕು. ತಲೆಯಿಲ್ಲದ ಹಕ್ಕಿಯಲ್ಲಿ ಮೇಲು-ಕೆಳಗು ತಿಳಿಯದೆ ಬೋರಲು ಹಾಕಿದವರು ಕಡಿಮೆಯಿಲ್ಲ. ತಮಾಷೆಯೆಂದರೆ ಹಾಗೆ ಬೆಂದ ಎದೆ ರಸವತ್ತಾಗಿಯೇ ಇರುತ್ತದೆ, ಫೋಟೋ ಮಾತ್ರ ಚೆನ್ನಾಗಿ ಬರುವುದಿಲ್ಲ. ಬಿಸಾಡುವ ಅಲ್ಯುಮಿನಿಯಂ ಟ್ರೇ ತಂದಿದ್ದರೆ ಅದರ ಕೆಳಗೊಂದು ಗಟ್ಟಿ ಬೇಕಿಂಗ್ ಶೀಟ್ ಕೊಡಿ, ಇಲ್ಲವಾದರೆ ಓವನ್ನಿಂದ ಎತ್ತುವಾಗ ಟ್ರೇ ನಡುವೆ ಮಡಿಚಿ ಬಿಸಿ ಕೊಬ್ಬು ಕಾಲ ಮೇಲೆ. ತಳಕ್ಕೆ ಒಂದೆರಡು ಕಪ್ ನೀರು ಸುರಿಯಿರಿ. ತೊಟ್ಟಿಕ್ಕಿದ ಕೊಬ್ಬು ಸೀದು ಹೊಗೆಯಾದರೆ ಅಲಾರಂ ಹೊಡೆದುಕೊಂಡು ನೆರೆಹೊರೆಯವರೂ ಅತಿಥಿಗಳಾಗುತ್ತಾರೆ.

ಇಲ್ಲೊಂದು ಅಂಕಿಗಳ ಗುಂಡಿಯಿದೆ, ಬಿದ್ದವರಿಗೇ ಗೊತ್ತು. ಓವನ್ 325 ಫ್ಯಾರನ್‌ಹೀಟ್‌ಗೆ ಇಡಬೇಕು, ಅದು ಸೆಲ್ಸಿಯಸ್‌ನಲ್ಲಿ ಸುಮಾರು 163. ಮಾಂಸದ ಒಳಗೆ ಮುಟ್ಟಬೇಕಾದ್ದು 165 ಫ್ಯಾರನ್‌ಹೀಟ್, ಅಂದರೆ 74 ಸೆಲ್ಸಿಯಸ್. ಸೆಲ್ಸಿಯಸ್‌ನಲ್ಲಿ ಯೋಚಿಸುವ ತಲೆ ಅಮೆರಿಕದ ಓವನ್ನನ್ನು 165ಕ್ಕೆ ತಿರುಗಿಸಿದರೆ, ಹಕ್ಕಿ ಇಡೀ ದಿನ ಹದವಾದ ಬಿಸಿಲು ಕಾಯಿಸಿಕೊಂಡು ಸಂಜೆಗೂ ಹಸಿಯಾಗಿಯೇ ಇರುತ್ತದೆ. ಅಂಥದ್ದನ್ನು ಮತ್ತೆ ಬೇಯಿಸಿ ಬಡಿಸುವಂತಿಲ್ಲ, ಎಸೆಯಬೇಕು.

ಒಳಗೆ ಏನೂ ತುಂಬದ 12–14 ಪೌಂಡಿಗೆ ಮೂರರಿಂದ ಮೂರೂಮುಕ್ಕಾಲು ಗಂಟೆ. ಆದರೆ ಗಡಿಯಾರ ನಂಬಬೇಡಿ, ಥರ್ಮಾಮೀಟರ್ ನಂಬಿ. ತೊಡೆಯ ಒಳಭಾಗಕ್ಕೆ, ಮೂಳೆಗೆ ತಾಗದಂತೆ ಚುಚ್ಚಬೇಕು. ಮೂಳೆಗೆ ತಾಗಿದರೆ ಅಂಕಿ ಸುಳ್ಳು ಹೇಳುತ್ತದೆ. ಕೆಲವು ಹಕ್ಕಿಗಳ ಎದೆಗೆ ಚುಚ್ಚಿಟ್ಟ ಪ್ಲಾಸ್ಟಿಕ್ ಗುಂಡಿ ಬೆಂದಾಗ ತಾನೇ ಮೇಲೇಳುತ್ತದೆ ಅಂತ ಬರೆದಿರುತ್ತಾರೆ. ಸಾಮಾನ್ಯವಾಗಿ ಅದು ಏಳುವುದು ಎದೆ ಒಣಗಿದ ಮೇಲೆ. ಟರ್ಕಿಯ ನಿಜವಾದ ಜಗಳ ಇರುವುದು ಇಲ್ಲೇ: ಎದೆ 165 ದಾಟಿದಂತೆ ಒಣಗುತ್ತಾ ಹೋಗುತ್ತದೆ, ತೊಡೆ 175ರ ಸುತ್ತ ಬಂದರೆ ಮಾತ್ರ ಮೆತ್ತಗಾಗುತ್ತದೆ. ಎದೆ ಕೆಂಪಗಾದ ಕೂಡಲೇ ಅದರ ಮೇಲೊಂದು ಫಾಯಿಲ್ ಹೊದಿಸುವುದು ಈ ಜಗಳಕ್ಕೆ ಅರ್ಧ ಪರಿಹಾರ. ಅರ್ಧ ಗಂಟೆಗೊಮ್ಮೆ ಬಾಗಿಲು ತೆಗೆದು ರಸ ಸುರಿಯುವುದು ಪರಿಹಾರವೇ ಅಲ್ಲ. ರಸ ಚರ್ಮದಿಂದೊಳಗೆ ಇಳಿಯುವುದಿಲ್ಲ, ಓವನ್ ತಣ್ಣಗಾಗಿ ಊಟ ಮುಂದೆ ಹೋಗುತ್ತದೆ. ಸಿನಿಮಾದಲ್ಲಿ ನೋಡಲು ಚೆಂದ, ಅಷ್ಟೇ.

ಈಗ ಸ್ಟಫಿಂಗ್, ಅಂದರೆ ಟರ್ಕಿಯ ಜೊತೆ ಬಡಿಸುವ ಒಗ್ಗರಣೆಯಂಥ ಬ್ರೆಡ್ಡಿನ ಪಲ್ಯ. ಬ್ರೆಡ್ ಉಪ್ಪಿಟ್ಟು ಬರುವವರಿಗೆ ಇದು ಮುಕ್ಕಾಲು ಬಂದಂತೆಯೇ. ಆ ಧೈರ್ಯವೇ ಕೆಡಿಸುವುದೂ ಕೂಡ. ಉಪ್ಪಿಟ್ಟಿಗೆ ಮೆತ್ತನೆಯ ಬ್ರೆಡ್ ನಡೆಯುತ್ತದೆ, ಇಲ್ಲಿ ನಡೆಯುವುದಿಲ್ಲ. ಒಂದು ಪೌಂಡ್ ಬ್ರೆಡ್ಡನ್ನು ಮುಕ್ಕಾಲು ಇಂಚಿನ ತುಂಡು ಮಾಡಿ, 250 ಫ್ಯಾರನ್‌ಹೀಟ್‌ನಲ್ಲಿ ಮುಕ್ಕಾಲು ಗಂಟೆ, ಪೂರ್ತಿ ಒಣಗುವವರೆಗೆ ಇಡಬೇಕು. ಒಣಗಿದ ತುಂಡು ರಸ ಹೀರಿಯೂ ತುಂಡಾಗಿಯೇ ನಿಲ್ಲುತ್ತದೆ. ತಾಜಾ ಬ್ರೆಡ್ ಮುದ್ದೆ ಕಟ್ಟುತ್ತದೆ, ಅದಕ್ಕೆ ಸಾರು ಹುಡುಕಬೇಕಾಗುತ್ತದೆ. ಒಂದು ಕಡ್ಡಿ ಬೆಣ್ಣೆಯಲ್ಲಿ, ಅಂದರೆ 113 ಗ್ರಾಂ, ಎರಡು ಈರುಳ್ಳಿ, ಮೂರ್ನಾಲ್ಕು ಸೆಲರಿ ದಂಟು ಬಾಡಿಸಿ. ಕಂದು ಬಣ್ಣ ಬೇಡ, ಮೆತ್ತಗಾದರೆ ಸಾಕು. ಸೆಲರಿಯ ವಾಸನೆ ಹಿಡಿಸದು ಅಂತ ಬಿಟ್ಟರೆ ಅದು ಸ್ಟಫಿಂಗ್ ಆಗುವುದಿಲ್ಲ, ಬೆಣ್ಣೆ ಹಾಕಿದ ಉಪ್ಪಿಟ್ಟೇ ಆಗುತ್ತದೆ. ಒಣ ಸೇಜ್ ಸೊಪ್ಪು ಒಂದು ಟೀ ಚಮಚ, ಸ್ವಲ್ಪ ಥೈಮ್. ಸೇಜ್ ತುಳಸಿ, ದೊಡ್ಡಪತ್ರೆಗಳ ಕುಟುಂಬದ್ದೇ. ಕೈ ಜಾರಿದರೆ ಊಟದ ಬದಲು ಕಷಾಯದ ನೆನಪು ಬರುತ್ತದೆ. ಎರಡು ಮೊಟ್ಟೆ, ಎರಡೂವರೆ ಕಪ್ ಸ್ಟಾಕ್, ಅಂದರೆ ಮೂಳೆಯನ್ನೋ ತರಕಾರಿಯನ್ನೋ ಕುದಿಸಿ ಸೋಸಿದ ನೀರು. ಸ್ಟಾಕ್ ಒಮ್ಮೆಲೇ ಸುರಿಯದೆ ಮೂರು ಸಲಕ್ಕೆ ಹಾಕಿ ಪ್ರತಿ ಸಲ ಐದು ನಿಮಿಷ ಬಿಡಿ. 350ರಲ್ಲಿ ಫಾಯಿಲ್ ಮುಚ್ಚಿ ಅರ್ಧ ಗಂಟೆ, ತೆಗೆದು ಇಪ್ಪತ್ತು ನಿಮಿಷ.

ಹಕ್ಕಿಯ ಹೊಟ್ಟೆಯೊಳಗೆ ತುಂಬುವುದಿಲ್ಲವೇ? ತುಂಬಬಹುದು, ಪೌಂಡಿಗೆ ಮುಕ್ಕಾಲು ಕಪ್ಪಿನಂತೆ, ಸಡಿಲವಾಗಿ. ಆದರೆ ಹಸಿಮಾಂಸದ ರಸ ಕುಡಿದ ಆ ಬ್ರೆಡ್ಡಿನ ನಟ್ಟನಡುವೂ 165 ಮುಟ್ಟಲೇಬೇಕು, ಕಾವು ಕೊನೆಗೆ ತಲುಪುವ ಜಾಗವೂ ಅದೇ. ಅಲ್ಲಿ 165 ಆಗುವಷ್ಟರಲ್ಲಿ ಎದೆ ಎಂದೋ ಒಣಗಿರುತ್ತದೆ. ಎದೆ ಸರಿಯಿದ್ದಾಗ ತೆಗೆದರೆ ಒಳಗಿನದ್ದು ಅಪಾಯ. ಬೇರೆ ಪಾತ್ರೆಯಲ್ಲೇ ಮಾಡಿ.

ಬೇರೆ ಪಾತ್ರೆಗೆ ಇನ್ನೂ ಬಲವಾದ ಕಾರಣ ಕನ್ನಡಿಗರ ಮೇಜಿನ ಸುತ್ತಲೇ ಕೂತಿರುತ್ತದೆ. ಬಂದವರಲ್ಲಿ ಅರ್ಧ ಜನ ಸಸ್ಯಾಹಾರಿಗಳು. ಬ್ರೆಡ್ ಕಂಡು ಸಂತೋಷದಿಂದ ಬಡಿಸಿಕೊಳ್ಳುತ್ತಾರೆ, ಅದರಲ್ಲಿ ಕೋಳಿ ಸ್ಟಾಕ್ ಇರುತ್ತದೆ. ಡಬ್ಬಿಯ ಸ್ಟಫಿಂಗ್ ಮಿಕ್ಸ್‌ಗಳಲ್ಲೂ ಹಲವಕ್ಕೆ ಕೋಳಿಯ ಅಂಶ ಸೇರಿರುತ್ತದೆ. ಸಿಹಿಗೆಣಸಿನ ಮೇಲಿನ ಮಾರ್ಷ್‌ಮ್ಯಾಲೋಗೆ ಸಾಮಾನ್ಯವಾಗಿ ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದ ಜೆಲಾಟಿನ್ ಹಾಕಿರುತ್ತಾರೆ. ತರಕಾರಿ ಸ್ಟಾಕಿನಲ್ಲಿ, ಮೊಟ್ಟೆಯಿಲ್ಲದೆ ಇನ್ನೊಂದು ಟ್ರೇ ಮಾಡಿ, ಅದಕ್ಕೆ ಬೇರೆ ಸೌಟು ಇಡಿ, ಚೀಟಿ ಅಂಟಿಸಿ. ಕ್ರ್ಯಾನ್‌ಬೆರಿ ಸಾಸ್ ಎಲ್ಲರಿಗೂ ನಡೆಯುತ್ತದೆ: 12 ಔನ್ಸ್ ಹಣ್ಣು, ಒಂದು ಕಪ್ ಸಕ್ಕರೆ, ಒಂದು ಕಪ್ ನೀರು, ಹತ್ತು ನಿಮಿಷ. ಶುಂಠಿ, ಹಸಿಮೆಣಸಿನಕಾಯಿ ಹಾಕಿದರೆ ಒಳ್ಳೇ ಗೊಜ್ಜು. ಮೇಜಿನ ಮೇಲೆ ಮೊದಲು ಖಾಲಿಯಾಗುವುದೂ ಅದೇ.

ಓವನ್ನಿಂದ ತೆಗೆದ ಟರ್ಕಿಯನ್ನು ಅರ್ಧ ಗಂಟೆ ಮುಟ್ಟಬೇಡಿ, ಆ ಹೊತ್ತಿಗೆ ಸ್ಟಫಿಂಗ್‌ಗೆ ಓವನ್ ಸಿಗುತ್ತದೆ. ಮೊದಲು ಕಾಲು ಕತ್ತರಿಸಿ, ಆಮೇಲೆ ಎದೆಯನ್ನು ಇಡಿಯಾಗಿ ಬಿಡಿಸಿ ಅಡ್ಡಕ್ಕೆ ಹೋಳು ಮಾಡಿ. ಮೂಳೆಯ ಪಕ್ಕ ನಸುಗೆಂಪು ಕಂಡರೆ ಗಾಬರಿ ಬೇಡ, 165 ಮುಟ್ಟಿದ್ದರೆ ಅದು ಬೆಂದಿದೆ. ಆಲೂಗೆಡ್ಡೆ ಸಿಪ್ಪೆಯನ್ನು ಸಿಂಕಿನ ಅರೆಯುವ ಯಂತ್ರಕ್ಕೆ ತಳ್ಳಬೇಡಿ. ಮರುದಿನ ಶುಕ್ರವಾರ ಪ್ಲಂಬರುಗಳಿಗೆ ಕೈತುಂಬ ಕೆಲಸವಿರುತ್ತದೆ, ನಿಮ್ಮ ಸರದಿ ಬರುವುದು ಶನಿವಾರ.

ಉಳಿದದ್ದನ್ನು ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿದರೆ ಮೂರ್ನಾಲ್ಕು ದಿನಕ್ಕೆ ಬರುತ್ತದೆ. ಮೂಳೆಯ ಗೂಡನ್ನು ಎಸೆಯಬೇಡಿ, ಈರುಳ್ಳಿ, ಕಾಳುಮೆಣಸು ಹಾಕಿ ಎರಡು ಮೂರು ಗಂಟೆ ಸಣ್ಣ ಉರಿಯಲ್ಲಿ ಕುದಿಸಿ ಸೋಸಿ. ಧನಿಯ, ಒಣಮೆಣಸಿನಕಾಯಿ, ಚಕ್ಕೆ, ಲವಂಗ, ಕಾಯಿತುರಿ ರುಬ್ಬಿ ಹಾಕಿ ಕುದಿ ಬಂದರೆ ರಾಗಿಮುದ್ದೆಗೆ ಸಾರು ರೆಡಿ. ಬೆಂದ ಮಾಂಸವನ್ನು ಕೊನೆಯ ಎರಡು ನಿಮಿಷಕ್ಕೆ ಮಾತ್ರ ಬಿಡಿ, ಮೊದಲೇ ಹಾಕಿದರೆ ನಾರು ನಾರಾಗುತ್ತದೆ. ಉಪ್ಪು ಹಾಕುವ ಮುಂಚೆ ರುಚಿ ನೋಡಿ, ಕಾರ್ಖಾನೆಯವರು ಹಾಕಿದ್ದು ಮೂಳೆಯಲ್ಲಿ ಇನ್ನೂ ಇರುತ್ತದೆ.