ಹತ್ತು ಗುಬ್ಬಿಗೆ ಒಂದು ಪಾರಿವಾಳ

ಇಂದು ಬೆಳಿಗ್ಗೆ ಆರೂವರೆಗೆ ಮಾಳಿಗೆ ಹತ್ತಿದಾಗ, ಎಂಟುನೂರು ರೂಪಾಯಿ ಕೊಟ್ಟು ನಾನು ಮಾಡಿಸಿದ ತಂತಿಯ ಪಂಜರದ ನೆತ್ತಿಯ ಮೇಲೆ ಪಾರಿವಾಳವೊಂದು ಕುಳಿತು, ಒಳಗಿನ ಜೋಳದ ಕುರಿತಾದ ತನ್ನ ಅಭಿಪ್ರಾಯವನ್ನು ಬಿಳಿಯ ಬಣ್ಣದಲ್ಲಿ ದಾಖಲಿಸುತ್ತಿತ್ತು. ಪಂಜರ ಮಾಡಿಸಿದ್ದು ಅದನ್ನು ಹಿಡಿದಿಡಲಿಕ್ಕಲ್ಲ, ಹೊರಗಿಡಲಿಕ್ಕೆ. ಅದು ಹೊರಗೇ ಇತ್ತು. ಆ ಮಟ್ಟಿಗೆ ಬೆಸುಗೆ ಹಾಕಿದವನ ಮೇಲೆ ನನ್ನ ದೂರೇನೂ ಇಲ್ಲ.

ವಿಜಯಪುರದ ಬೇಸಿಗೆಯನ್ನು ಕಂಡವರಿಗೆ ಮಾಳಿಗೆಯ ಮೇಲೆ ಹಕ್ಕಿಗಳಿಗೆ ನೀರು, ಕಾಳು ಇಡುವ ರೂಢಿಯನ್ನು ಹೊಸದಾಗಿ ಹೇಳಬೇಕಾಗಿಲ್ಲ. ನಾನೂ ಮಾರ್ಚ್ 20ರಂದು, ಎಂದರೆ 2010ರಿಂದ ಗುಬ್ಬಚ್ಚಿಗಳ ದಿನವೆಂದು ಆಚರಿಸಲಾಗುತ್ತಿರುವ ದಿನದಂದೇ, ಒಂದು ಮಣ್ಣಿನ ಬಟ್ಟಲಲ್ಲಿ ನೀರನ್ನೂ ಇನ್ನೊಂದರಲ್ಲಿ ಜೋಳದ ನುಚ್ಚನ್ನೂ ಇಟ್ಟೆ. ಎರಡೇ ದಿನಕ್ಕೆ ಗುಬ್ಬಿಗಳು ಬಂದವು. ಮೂರನೆಯ ದಿನ ಇಣಚಿ ಬಂತು. ನಾಲ್ಕನೆಯ ದಿನ ಕಾಗೆಯೊಂದು ಎಲ್ಲಿಂದಲೋ ಹೊತ್ತು ತಂದ ಕಟಕು ರೊಟ್ಟಿಯ ಚೂರನ್ನು ನೀರಿನ ಬಟ್ಟಲಿನಲ್ಲಿ ನೆನೆಹಾಕಿ ಹೋಯಿತು. ಇವರನ್ನೆಲ್ಲ ಬೀಗರೆಂದು ತಿಳಿದು ಸಹಿಸಿಕೊಂಡೆ. ಐದನೆಯ ದಿನ ಪಾರಿವಾಳಗಳು ಬಂದವು. ಆಮೇಲೆ ಬೇರೆ ಯಾರಿಗೂ ಜಾಗ ಉಳಿಯಲಿಲ್ಲ.

ಗುಬ್ಬಿಯ ತೂಕ ಸುಮಾರು 30 ಗ್ರಾಂ, ಪಾರಿವಾಳದ್ದು ಸುಮಾರು 300. ಹತ್ತು ಜನರ ಪಂಕ್ತಿಯಲ್ಲಿ ಒಬ್ಬನೇ ಅಡ್ಡ ಮಲಗಿ ಉಂಡಂತೆ ಇದರ ಊಟ. ನೀರು ಕುಡಿಯುವ ರೀತಿಯನ್ನಾದರೂ ನೋಡಿ. ಗುಬ್ಬಿ ಕೊಕ್ಕಿನಲ್ಲಿ ಒಂದು ಹನಿ ಹಿಡಿದು, ತಲೆಯನ್ನು ಮೇಲಕ್ಕೆತ್ತಿ, ತೀರ್ಥ ತೆಗೆದುಕೊಂಡಂತೆ ನುಂಗುತ್ತದೆ. ಪಾರಿವಾಳ ಕೊಕ್ಕನ್ನು ಅದ್ದಿ, ತಲೆಯನ್ನೇ ಎತ್ತದೆ, ಹೊಂಡಕ್ಕಿಳಿದ ಎಮ್ಮೆಯಂತೆ ಹೀರುತ್ತದೆ. ನಮ್ಮ ಊರೂ ಅದಕ್ಕೆ ಹೇಳಿ ಮಾಡಿಸಿದಂತಿದೆ. ಕಡಿದಾದ ಬಂಡೆಗಳ ಸಂದಿನಲ್ಲಿ ಬಾಳಿದ ಕುಲ ಅದು. ಅದರ ಕಣ್ಣಿಗೆ ಕಮಾನು, ಗುಮ್ಮಟ, ಸಜ್ಜಾ ಎಲ್ಲವೂ ಬಂಡೆಯೇ. 1656ರಲ್ಲಿ ಮುಗಿದ, 44 ಮೀಟರ್ ಹೊರವ್ಯಾಸದ ಗೋಳಗುಮ್ಮಟವನ್ನೇ ತನ್ನದೆಂದುಕೊಂಡ ಹಕ್ಕಿಗೆ ನನ್ನ ಮೂವತ್ತು-ನಲವತ್ತರ ಮನೆಯ ಮಾಳಿಗೆ ಯಾವ ಲೆಕ್ಕ? ಆ ಗುಮ್ಮಟದ ಒಳಸುತ್ತಿನಲ್ಲಿ ಈ ಕಡೆ ಪಿಸುಗುಟ್ಟಿದ್ದು ಆ ಕಡೆಯವರಿಗೆ ಸ್ಪಷ್ಟವಾಗಿ ಕೇಳಿಸುತ್ತದೆ. ನನ್ನ ಮಾಳಿಗೆಯಲ್ಲಿ ಮೂರಡಿ ದೂರದಿಂದ ಗಂಟಲು ಹರಿಯುವಂತೆ 'ಹುಶ್' ಎಂದರೂ ಯಾವ ಪಾರಿವಾಳಕ್ಕೂ ಕೇಳಿಸುವುದಿಲ್ಲ.

ಆದರೆ ಎಲ್ಲ ಪಾರಿವಾಳಗಳನ್ನೂ ಗೋಳಗುಮ್ಮಟದ ಲೆಕ್ಕಕ್ಕೆ ಹಾಕುವುದು ಅನ್ಯಾಯ. ಇವು ನಮ್ಮ ಪಕ್ಕದ ಮನೆಯ ಕಾಕಾ ಅವರ ಅತಿಥಿಗಳು. ನಿವೃತ್ತರಾದ ಮೇಲೆ ಅವರು ಒಂದು ವ್ರತ ಹಿಡಿದಿದ್ದಾರೆ. ಬೆಳಿಗ್ಗೆ ಆರು ಹತ್ತಕ್ಕೆ ಸರಿಯಾಗಿ ಸ್ಟೀಲಿನ ಡಬ್ಬಿ ಹಿಡಿದು ಮಾಳಿಗೆಗೆ ಬರುತ್ತಾರೆ. ಮುಚ್ಚಳವನ್ನು ಚಮಚೆಯಿಂದ ಮೂರು ಸಲ, ಎರಡೂ ಅಲ್ಲ ನಾಲ್ಕೂ ಅಲ್ಲ, ಬಾರಿಸುತ್ತಾರೆ. "ಬರ್ರೆಪಾ, ಬರ್ರಿ" ಎಂದು ದಾಸೋಹಕ್ಕೆ ಕರೆದಂತೆ ಕರೆದು ಒಂದು ಕಿಲೋ ಜೋಳ ಚೆಲ್ಲುತ್ತಾರೆ. ಅಮಾವಾಸ್ಯೆಗೆ ಎರಡು ಕಿಲೋ. ಇಷ್ಟೇ ಆಗಿದ್ದರೆ ಅದು ಅವರ ಪುಣ್ಯ, ಅವರ ಜೋಳ. ಆದರೆ ಹೋದ ವರ್ಷ ಅವರು ಮಾಳಿಗೆಗೆ ಬಿಳಿಯ ಟೈಲ್ಸ್ ಹಾಕಿಸಿದ್ದಾರೆ. ಆದ್ದರಿಂದ ಪಾರಿವಾಳಗಳು ಉಂಡು ಮುಗಿಸಿದೊಡನೆ, ಹೆಗಲ ಮೇಲಿನ ಟವೆಲ್ಲನ್ನು ಬೀಸಿ ಅವುಗಳನ್ನು ಗೌರವಪೂರ್ವಕವಾಗಿ ನನ್ನ ಮಾಳಿಗೆಗೆ ದಾಟಿಸುತ್ತಾರೆ. ಊಟ ಅಲ್ಲಿ, ವಿಶ್ರಾಂತಿ, ಸಂಸಾರ ಮತ್ತು ಇತರ ಬಾಧೆಗಳೆಲ್ಲ ಇಲ್ಲಿ.

ಒಮ್ಮೆ ಧೈರ್ಯ ಮಾಡಿ, "ಕಾಕಾ, ಸ್ವಲ್ಪ ಕಡಿಮಿ ಹಾಕ್ರಿ, ಗುಬ್ಬಿಗೋಳು ಹತ್ರ ಬರವಲ್ಲು" ಎಂದೆ. ಅವರು ನನ್ನನ್ನು ಕರುಣೆಯಿಂದ ನೋಡಿ, "ತಮ್ಮಾ, ಅವೂ ಜೀವನ ಅಲ್ಲೇನು? ಗುಬ್ಬಿಗೆ ಒಂದು ನ್ಯಾಯ, ಪಾರಿವಾಳಕ್ಕೊಂದು ನ್ಯಾಯ ಅಂದ್ರ ಹ್ಯಾಂಗ?" ಎಂದರು. ಇದಕ್ಕೆ ಉತ್ತರ ನನ್ನಲ್ಲಿರಲಿಲ್ಲ, ಈಗಲೂ ಇಲ್ಲ. ಅದಕ್ಕಿಂತ ಹೆಚ್ಚಿನ ಅವಮಾನವೆಂದರೆ, ಅವರು ನಾಲ್ಕು ದಿನ ಸೊಲ್ಲಾಪುರದ ಮಗಳ ಮನೆಗೆ ಹೊರಟಾಗ ಡಬ್ಬಿ, ಚಮಚೆ ಎರಡನ್ನೂ ನನ್ನ ಕೈಗೇ ಕೊಟ್ಟು ಹೋದದ್ದು. ಹಿರಿಯರ ಮಾತನ್ನು ತೆಗೆದುಹಾಕಲಾಗದೆ ನಾನೇ ನಾಲ್ಕು ದಿನ ಬೆಳಿಗ್ಗೆ ಮುಚ್ಚಳ ಬಾರಿಸಿದೆ. ಮೊದಲ ದಿನ ಪ್ರತಿಭಟನೆಯ ರೂಪದಲ್ಲಿ ಎರಡೇ ಸಲ ಬಾರಿಸಿ ನಿಲ್ಲಿಸಿದೆ. ಸಾಲಾಗಿ ಕುಳಿತಿದ್ದ ಪಾರಿವಾಳಗಳು ಕುತ್ತಿಗೆ ಓರೆ ಮಾಡಿ ನನ್ನನ್ನೇ ನೋಡುತ್ತ ಮೂರನೆಯದಕ್ಕಾಗಿ ಕಾದವು. ಕೊನೆಗೆ ನಾನೇ ಸೋತು ಮೂರನೆಯದನ್ನೂ ಬಾರಿಸಿದೆ.

ಈ ನಡುವೆ ನನ್ನ ಹೊಟ್ಟೆ ಉರಿಸುವ ಇನ್ನೊಂದು ಸಂಗತಿ ತಿಳಿಯಿತು. ಗುಬ್ಬಿ ತಾನು ಕಾಳು ತಿಂದರೂ ಮರಿಗಳಿಗೆ ಹುಳು ಹಿಡಿದು ತಿನ್ನಿಸಲೇಬೇಕು. ಪಾರಿವಾಳಕ್ಕೆ ಆ ಕಷ್ಟವಿಲ್ಲ: ಗಂಡು, ಹೆಣ್ಣು ಎರಡೂ ತಮ್ಮ ಗಂಟಲ ಚೀಲದಲ್ಲಿ ಹಾಲಿನಂಥದೊಂದು ಗಟ್ಟಿ ಪದಾರ್ಥವನ್ನು ತಯಾರಿಸಿ ಮರಿಗಳಿಗೆ ಉಣ್ಣಿಸುತ್ತವೆ. ಎಂದರೆ ಬರಿಯ ಜೋಳದಿಂದ ಸಂಸಾರ ಬೆಳೆಯುವುದು ಪಾರಿವಾಳದ್ದೇ ಹೊರತು ಗುಬ್ಬಿಯದಲ್ಲ. ನಾನು ಗುಬ್ಬಿಗಳ ಹೆಸರಿನಲ್ಲಿ ಪಾರಿವಾಳಗಳ ಬಾಣಂತನ ಮಾಡುತ್ತಿದ್ದೆ.

ಆ ಸಿಟ್ಟಿನಲ್ಲಿಯೇ ನಾನು ಕೋಣೆಯ ಗೂಟದಿಂದ ಅಜ್ಜನ ಕವಣೆಯನ್ನು ಇಳಿಸಿದೆ. ಅಜ್ಜನ ಹೊಲ ಡೋಣಿ ಹೊಳೆಯ ದಂಡೆಯ ಎರೆಭೂಮಿಯಲ್ಲಿತ್ತು. 'ಡೋಣಿ ಹರಿದರ ಓಣೆಲ್ಲಾ ಜ್ವಾಳ' ಎಂಬ ಮಾತಿನ ಸೀಮೆ ಅದು. ಸಂಕ್ರಾಂತಿಯ ಸುಮಾರಿಗೆ ತೆನೆಗಳು ಹಾಲುಗಾಳಾದಾಗ ಅವನು ಅಟ್ಟಣಿಗೆಯ ಮೇಲೆ ನಿಂತು, ಪುಂಡಿ ನಾರಿನಲ್ಲಿ ತಾನೇ ಹೆಣೆದ ಈ ಕವಣೆಯನ್ನು ತಲೆಯ ಸುತ್ತ ತಿರುಗಿಸಿ ಬಿಟ್ಟರೆ, ಚಟ್ಟೆಂಬ ಸಪ್ಪಳಕ್ಕೇ ಹಕ್ಕಿಗಳ ಹಿಂಡು ಮೇಲೇಳುತ್ತಿತ್ತು. ಆ ಹಿಂಡಿನಲ್ಲಿ ಗುಬ್ಬಿಗಳೇ ಹೆಚ್ಚು. ಅಜ್ಜ ಬಿಸಿಲಿನಲ್ಲಿ ನಿಂತು ಓಡಿಸಿದ ಹಕ್ಕಿಯನ್ನು ಮೊಮ್ಮಗ ಪೇಟೆಯಿಂದ ಜೋಳ ಕೊಂಡು ತಂದು ಕರೆಯುತ್ತಿದ್ದಾನೆ. ಆದರೆ ಹೊಲದಲ್ಲಿ ಕಲ್ಲು ಬೀಸುತ್ತಿದ್ದ ಅದೇ ಅಜ್ಜ ಸುಗ್ಗಿಯಾದ ಮೇಲೆ ಒಂದು ಹಿಡಿ ತೆನೆಯನ್ನು ಪಡಸಾಲೆಯ ಜಂತಿಗೆ ಕಟ್ಟುತ್ತಿದ್ದ. ಆ ಜಂತಿಯ ಸಂದಿನಲ್ಲಿಯೇ ಗೂಡು ಕಟ್ಟಿದ್ದ ಗುಬ್ಬಿಗಳು ನಮ್ಮ ಊಟದ ತಾಟಿನಲ್ಲಿ ಕಸ ಬೀಳಿಸುತ್ತ ಅದನ್ನು ತಿನ್ನುತ್ತಿದ್ದವು. ನಮ್ಮ ಈಗಿನ ಸ್ಲ್ಯಾಬಿನ ಮನೆಯಲ್ಲಿ ಜಂತಿಯೂ ಇಲ್ಲ, ಸಂದೂ ಇಲ್ಲ. ಪಾರಿವಾಳಕ್ಕೆ ಸಜ್ಜಾ ಮಾತ್ರ ನಾಲ್ಕೂ ಕಡೆ ಇದೆ.

ಕವಣೆ ಬೀಸುವುದು ನೋಡಿದಷ್ಟು ಸುಲಭವಲ್ಲ. ಯಾವ ಜೀವಕ್ಕೂ ತಾಗದಂತೆ ಎದುರಿನ ಖಾಲಿ ಪ್ಲಾಟಿನ ಕಡೆಗೆ ಬಿಡಬೇಕೆಂಬುದು ನನ್ನ ಯೋಜನೆಯಾಗಿತ್ತು. ಲುಂಗಿಯನ್ನು ಮೇಲೆ ಕಟ್ಟಿ, ಲಿಂಬೆಹಣ್ಣಿನ ಗಾತ್ರದ ಕಲ್ಲಿಟ್ಟು, ಮೂರು ಸುತ್ತು ತಿರುಗಿಸಿ, ಅಜ್ಜನನ್ನು ನೆನೆದು ಎಳೆಯನ್ನು ಬಿಟ್ಟೆ. ಕಲ್ಲು ಹಿಂದಕ್ಕೆ ಹೋಯಿತು. ಅಲ್ಲಿದ್ದದ್ದು ನಮ್ಮದೇ ಸೋಲಾರ್ ಹೀಟರು. ಅದರ ನಡುವಿನ ಗಾಜಿನ ಕೊಳವೆಯೊಂದು ದೀಪಾವಳಿಯ ಲಕ್ಷ್ಮೀಪಟಾಕಿಯಂತೆ ಸಿಡಿದು, ನಿನ್ನೆಯ ಬಿಸಿನೀರೆಲ್ಲ ಮಾಳಿಗೆಯ ಮೇಲೆ ಹರಿಯಿತು. ಆ ಸಪ್ಪಳಕ್ಕೆ ಪಾರಿವಾಳಗಳು ಎದ್ದದ್ದು ನಿಜ. ಒಂದು ಸುತ್ತು ಹಾಕಿ ಬಂದು, ನೀರನ್ನು ಕಂಡು, ಆರಿದ ಮೇಲೆ ಸ್ನಾನಕ್ಕಿಳಿದವು. ಆಚೆಯ ಮಾಳಿಗೆಯಿಂದ ಕಾಕಾ, "ಬಿಸಿನೀರು ಬ್ಯಾಡಾಗಿತ್ತು ತಮ್ಮಾ, ಬ್ಯಾಸಿಗ್ಯಾಗ ತಣ್ಣೀರು ಸಾಕು" ಎಂದರು. ಅವರು ಹಾಸ್ಯ ಮಾಡಿದರೋ ನಿಜವಾಗಿ ಹೇಳಿದರೋ ನನಗಿನ್ನೂ ತಿಳಿದಿಲ್ಲ. ಕೊಳವೆಯ ಖರ್ಚನ್ನು ಕೇಳಿದ ಹೆಂಡತಿ ಮಾತ್ರ ಸ್ಪಷ್ಟವಾಗಿಯೇ ಹೇಳಿದಳು: "ಅಲ್ರೀ, ಗುಬ್ಬಿಗೆ ಇಷ್ಟು ಖರ್ಚು ಮಾಡೂದಿದ್ರ ಅವನ್ನ ಇಂಗ್ಲಿಷ್ ಸಾಲಿಗೇ ಹಚ್ಚಬೌದಿತ್ತು."

ಕವಣೆಯನ್ನು ನಾಚಿಕೆಯಿಂದ ಜೀನೆಯ, ಎಂದರೆ ಮಾಳಿಗೆಯ ಮೆಟ್ಟಿಲಿನ, ಬಾಗಿಲ ಮೊಳೆಗೆ ತಗುಲಿಹಾಕಿ, ಪಂಜರ ಮಾಡಿಸಿದೆ. ಒಂದೂವರೆ ಇಂಚಿನ ಚೌಕಗಳ ಜಾಳಿಗೆ. ಗುಬ್ಬಿ ನುಸುಳುತ್ತದೆ, ಪಾರಿವಾಳದ ಎದೆ ಸಿಗಿಬೀಳುತ್ತದೆ. ಆದರೆ ಅದರ ಕುತ್ತಿಗೆ ನುಸುಳುತ್ತದೆಯೆಂಬುದು ಬಟ್ಟಲನ್ನು ಅಂಚಿನಲ್ಲಿಟ್ಟ ಮೇಲೆ ತಿಳಿಯಿತು. ನಡುವಿಗೆ ಸರಿಸಿದೆ. ಗುಬ್ಬಿಗಳು ಎಂಟು ದಿನ ಪಂಜರವನ್ನು ಸಂಶಯದಿಂದ ನೋಡಿ, ಒಂಬತ್ತನೆಯ ದಿನ ಒಳಗೆ ಹೋದವು. ಆ ಸಂತೋಷ ಇಂದು ಬೆಳಿಗ್ಗೆಯವರೆಗೆ ಉಳಿದಿತ್ತು.

ನುಚ್ಚನ್ನು ಬದಲಿಸಬೇಕೆಂದು, ಪಂಜರದ ಮೇಲೊಂದು ತಗಡು ಹೊದಿಸುವ ಖರ್ಚನ್ನು ಲೆಕ್ಕ ಹಾಕುತ್ತ, ಚಹಾದ ಕಪ್ಪು ಹಿಡಿದು ಕೆಳಗಿಳಿಯಲು ತಿರುಗಿದೆ. ಜೀನೆಯ ಬಾಗಿಲಲ್ಲಿ ಒಂದು ಹೆಣ್ಣು ಗುಬ್ಬಿ ಅಜ್ಜನ ಕವಣೆಗೆ ಜೋತುಬಿದ್ದು, ಕಾಲನ್ನು ಗೋಡೆಗೆ ಒತ್ತಿ, ಪುಂಡಿ ನಾರಿನ ಎಳೆಯೊಂದನ್ನು ಎಳೆಯುತ್ತಿತ್ತು. ಎಳೆ ಗಟ್ಟಿಯಿತ್ತು, ಅಜ್ಜ ಹೆಣೆದದ್ದು. ಬಿಟ್ಟು ಹಾರಿ, ಮತ್ತೆ ಬಂದು, ಈ ಸಲ ಇನ್ನೊಂದು ತುದಿಯಿಂದ ಎಳೆಯಿತು. ಅದು ಗೂಡನ್ನು ಎಲ್ಲಿ ಕಟ್ಟುತ್ತಿದೆಯೋ ಕಾಣಲಿಲ್ಲ. ಬಹುಶಃ ಮೀಟರ್ ಪೆಟ್ಟಿಗೆಯ ಹಿಂದೆ ಇರಬೇಕು. ಕೆಳಗಿನಿಂದ ಹೆಂಡತಿ ಸೋಲಾರಿನವನು ಬಂದಿದ್ದಾನೆಂದು ಎರಡು ಸಲ ಕೂಗಿದಳು. ನಾನು ಬಾಗಿಲು ದಾಟಿದರೆ ಅದು ಹಾರಿಹೋಗುತ್ತದೆಂದು, ಚಹಾ ಆರುವವರೆಗೆ ಅಲ್ಲಿಯೇ ನಿಂತಿದ್ದೆ.