ಐದನೇ ಇನಿಂಗ್ಸ್ ಆದಮೇಲೆ ನೋಡಿ

ಫೆಬ್ರವರಿ ಬಂತು ಅಂದರೆ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಒಂದೇ ಜಗಳ. ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ಬೇಸ್‌ಬಾಲ್ ತಂಡಕ್ಕೆ ಈ ವರ್ಷ ಮೊದಲು ಬ್ಯಾಟ್ ಮಾಡೋದು ಯಾರು, ಎರಡನೇ, ಮೂರನೇ ಬೇಸ್ ನಡುವಿನ ಶಾರ್ಟ್‌ಸ್ಟಾಪ್ ಜಾಗದಲ್ಲಿ ನಿಲ್ಲೋದು ಯಾರು ಅಂತ. ಬೇ ಏರಿಯಾಗೆ ಬಂದ ಹೊಸದರಲ್ಲಿ ಬೇಸ್‌ಬಾಲ್ ಅಂದರೆ ಆಕಳಿಸುತ್ತಿದ್ದ ಐದಾರು ಜನ ನಾವು. ಈಗ ಸೀಸನ್‌ಗೆ ಮುಂಚೆ ಅರಿಜೋನಾದಲ್ಲಿ ನಡೆಯುವ ಶಿಬಿರದ ಅಭ್ಯಾಸ ಪಂದ್ಯದ ಲೈನಪ್ (ಬ್ಯಾಟ್ ಮಾಡುವವರ ಸರದಿ ಪಟ್ಟಿ) ಹಿಡಿದುಕೊಂಡು ರಾತ್ರಿ ಹನ್ನೊಂದರ ತನಕ ಕಿತ್ತಾಡುತ್ತೇವೆ.

ಈ ಸಲ ಜಗಳ ಇನ್ನೂ ಜಾಸ್ತಿ, ಯಾಕೆಂದರೆ ಮ್ಯಾನೇಜರ್, ಅಂದರೆ ತಂಡದ ಮುಖ್ಯ ಕೋಚ್, ಹೊಸಬರು. ಟೋನಿ ವಿಟೆಲ್ಲೊ ಟೆನೆಸಿ ವಿಶ್ವವಿದ್ಯಾಲಯದ ತಂಡಕ್ಕೆ ಕೋಚ್ ಆಗಿದ್ದವರು. 2024ರಲ್ಲಿ ಅದಕ್ಕೆ ಕಾಲೇಜು ಚಾಂಪಿಯನ್‌ಶಿಪ್ ಗೆದ್ದುಕೊಟ್ಟರು. ವೃತ್ತಿಪರ ಲೀಗ್‌ನಲ್ಲಿ ಆಡಿದವರಲ್ಲ, ಅಲ್ಲಿ ಕೋಚ್ ಆದವರೂ ಅಲ್ಲ. ಕಾಲೇಜಿನಿಂದ ಸೀದಾ ಅತಿ ಮೇಲಿನ ಹಂತವಾದ ಮೇಜರ್ ಲೀಗ್‌ನ ಮ್ಯಾನೇಜರ್ ಕುರ್ಚಿಗೆ. ಹೀಗೆ ಬಂದವರಲ್ಲಿ ಇವರೇ ಮೊದಲಿಗರು. ಹಾಗಾಗಿ ಅವರು ಬರೆಯುವ ಒಂದೊಂದು ಲೈನಪ್ಪನ್ನೂ ಎಲ್ಲರೂ ಜಾತಕ ನೋಡಿದ ಹಾಗೆ ನೋಡುತ್ತಿದ್ದಾರೆ.

ನನಗೆ ಆ ಜಾತಕದಲ್ಲಿ ನಂಬಿಕೆ ಹೋಗಿದೆ. ಹೋಗಿದ್ದು 2024ರಲ್ಲಿ.

ಆಗಲೂ ಮ್ಯಾನೇಜರ್ ಹೊಸಬರೇ, ಬಾಬ್ ಮೆಲ್ವಿನ್. ಪಾಲೊ ಆಲ್ಟೊದಲ್ಲಿ ಹುಟ್ಟಿದವರು, ಎಂಬತ್ತರ ದಶಕದಲ್ಲಿ ಇದೇ ತಂಡಕ್ಕೆ ಕ್ಯಾಚರ್ ಆಗಿದ್ದವರು, ಮೂರು ಸಲ ವರ್ಷದ ಮ್ಯಾನೇಜರ್ ಪ್ರಶಸ್ತಿ ಪಡೆದವರು. ಅವರಿಗಿಂತ ಮುಂಚೆ ಇದ್ದ ಗೇಬ್ ಕ್ಯಾಪ್ಲರ್ ದಿನಕ್ಕೊಂದು ಲೈನಪ್ ಬರೆಯುತ್ತಿದ್ದರು. ಎದುರಿಗೆ ಎಡಗೈ ಪಿಚರ್ (ಚೆಂಡು ಎಸೆಯುವವನು) ಬಂದರೆ ಬಲಗೈ ಬ್ಯಾಟರ್, ಬಲಗೈ ಬಂದರೆ ಎಡಗೈ. 2021ರಲ್ಲಿ ಈ ಲೆಕ್ಕಾಚಾರವೇ 107 ಪಂದ್ಯ ಗೆಲ್ಲಿಸಿತ್ತು, ಅದನ್ನು ಮರೆಯಬಾರದು. ಆಮೇಲೆ ಎರಡು ವರ್ಷ ಅದೇ ಲೆಕ್ಕ ಕೈಕೊಟ್ಟಿತು. ಮೆಲ್ವಿನ್ ಬಂದವರೇ ದಾರಿ ಬದಲಿಸಿದರು. ಯಾರ ಜಾಗ ಯಾವುದು ಅಂತ ಮೊದಲೇ ಹೇಳಿಬಿಡೋದು ಅವರ ರೀತಿ.

ಕೊರಿಯಾದಿಂದ ಜಂಗ್ ಹೂ ಲೀ ಬಂದಿದ್ದ. ಆರು ವರ್ಷಕ್ಕೆ 11.3 ಕೋಟಿ ಡಾಲರ್. ಅವನ ಅಪ್ಪನೂ ಅಲ್ಲಿ ದೊಡ್ಡ ಆಟಗಾರ, ಓಟಕ್ಕೆ ಹೆಸರಾದವನು, ಅಡ್ಡಹೆಸರು ‘ಗಾಳಿಯ ಮಗ’. ಹಾಗಾಗಿ ಇವನು ‘ಗಾಳಿಯ ಮೊಮ್ಮಗ’. ವಾಯುಪುತ್ರ ಅಂದರೆ ನಮಗೆ ಬೇರೆ ಯಾರೋ ನೆನಪಾಗುತ್ತಾರೆ, ಅಲ್ವಾ? ಮೇಜರ್ ಲೀಗ್‌ನಲ್ಲಿ ಒಂದು ಪಂದ್ಯವನ್ನೂ ಆಡದ ಹುಡುಗ. ಆದರೂ ಮೊದಲ ಬ್ಯಾಟರ್ ನೀನೇ, ಸೆಂಟರ್ ಫೀಲ್ಡ್ ನಿನ್ನದೇ ಅಂತ ಶಿಬಿರ ಶುರುವಾಗುವ ಹೊತ್ತಿಗೇ ಮೆಲ್ವಿನ್ ಹೇಳಿಬಿಟ್ಟಿದ್ದರು. ನನಗೆ ಅದು ತುಂಬಾ ಹಿಡಿಸಿತ್ತು. ಹೊಸ ಕೆಲಸಕ್ಕೆ ಸೇರಿದ ದಿನವೇ ‘ಇದು ನಿನ್ನ ಟೇಬಲ್’ ಅಂತ ತೋರಿಸಿದರೆ ಎಷ್ಟು ನೆಮ್ಮದಿ!

ಆ ಮಾರ್ಚ್‌ನಲ್ಲಿ ಅಪ್ಪ ಊರಿಂದ ಬಂದಿದ್ದರು. ಅವರನ್ನು ಶಿಬಿರ ನಡೆಯುವ ಸ್ಕಾಟ್ಸ್‌ಡೇಲ್‌ಗೆ ಕರೆದುಕೊಂಡು ಹೋದೆ. ಮೈದಾನದ ಆಚೆ ತುದಿಯಲ್ಲಿ ಹುಲ್ಲಿನ ದಿಬ್ಬ ಇದೆ, ಅಲ್ಲೇ ಟವೆಲ್ ಹಾಸಿಕೊಂಡು ಕೂತೆವು. ಬಿಸಿಲು ಅಂದರೆ ರಾಯಚೂರು ಬಿಸಿಲು. ಒಂಬತ್ತರಲ್ಲಿ ಐದನೇ ಇನಿಂಗ್ಸ್ ಮುಗಿಯುತ್ತಿದ್ದ ಹಾಗೆ ದೊಡ್ಡ ಹೆಸರಿನವರೆಲ್ಲ ಬ್ಯಾಗ್ ಹೆಗಲಿಗೇರಿಸಿಕೊಂಡು ಹೊರಟರು. ಅವರ ಜಾಗಕ್ಕೆ ಹುಡುಗರು ಬಂದರು. ಬೆನ್ನಿನ ಮೇಲೆ ಎಪ್ಪತ್ತು, ಎಂಬತ್ತರ ಆಸುಪಾಸಿನ ನಂಬರ್, ಕೆಲವರಿಗೆ ಹೆಸರೇ ಇಲ್ಲ.

“ಇದು ಲೆಕ್ಕಕ್ಕಿಲ್ಲದ ಪಂದ್ಯ ಅಂದ್ಯಲ್ಲೋ?” ಅಂದರು ಅಪ್ಪ.

“ಹೂಂ ಅಪ್ಪ, ಗೆದ್ದರೂ ಸೋತರೂ ಒಂದೇ.”

“ಮತ್ತೆ ಆ ಹುಡುಗ ಯಾಕೆ ಜೀವ ಬಿಟ್ಟುಕೊಂಡು ಓಡ್ತಿದ್ದಾನೆ?”

ಅವನು ಹೊಡೆದದ್ದು ಸುಮ್ನೆ ಒಂದು ನೆಲಕ್ಕೆ ಬಿದ್ದ ಚೆಂಡು. ಔಟ್ ಆಗೋದು ಗ್ಯಾರಂಟಿ. ಆದರೂ ಮೊದಲನೇ ಬೇಸ್‌ಗೆ ತಲೆ ಮುಂದೆ ಮಾಡಿ ಹಾರಿಬಿದ್ದ. ಔಟೇ ಆದ. ಎದ್ದು ಎದೆಯ ಮಣ್ಣು ಕೊಡವಿಕೊಳ್ಳುತ್ತಾ ಡಗೌಟ್ ಕಡೆಗೆ ಒಂದು ಸಲ ನೋಡಿದ. ಯಾರಾದರೂ ನೋಡಿದರಾ ಅಂತ. ಅಪ್ಪನಿಗೆ ಅದಾದ ಮೇಲೆ ಸ್ಕೋರ್ ಬೇಕಾಗಲಿಲ್ಲ.

ಈಗ ಆ ವರ್ಷದ ಜಾತಕ ಏನಾಯಿತು ನೋಡಿ. ಲೀ ಮೇ 12ರಂದು ಗೋಡೆಗೆ ಅಪ್ಪಳಿಸಿ ಭುಜ ಜಾರಿಸಿಕೊಂಡ. 37 ಪಂದ್ಯಕ್ಕೇ ಅವನ ವರ್ಷ ಮುಗಿಯಿತು. ಶಾರ್ಟ್‌ಸ್ಟಾಪ್ ಮಾರ್ಕೊ ಲುಸಿಯಾನೊಗೆ ಅಂತ ಚಳಿಗಾಲವೆಲ್ಲ ಮಾತು ನಡೆದಿತ್ತು. ಮಾರ್ಚ್ ಮುಗಿಯುವಾಗ ಆ 22ರ ಹುಡುಗನನ್ನು ಕೆಳಗಿನ ಲೀಗ್‌ಗೆ ಕಳಿಸಿ, ಶಿಬಿರಕ್ಕೆ ಬರೀ ಆಹ್ವಾನದ ಮೇಲೆ ಬಂದಿದ್ದ 34ರ ನಿಕ್ ಅಹ್ಮದ್‌ಗೆ ಜಾಗ ಕೊಟ್ಟರು. ಜುಲೈನಲ್ಲಿ ಅಹ್ಮದ್‌ನನ್ನೂ ಬಿಟ್ಟರು. ಅವನು ನಮ್ಮ ಬದ್ಧ ವೈರಿ ಡಾಡ್ಜರ್ಸ್ ತಂಡ ಸೇರಿಕೊಂಡು ನಮ್ಮ ಮೇಲೇ ಹೋಮ್ ರನ್ (ಕ್ರಿಕೆಟ್‌ನ ಸಿಕ್ಸರ್ ಇದ್ದ ಹಾಗೆ) ಬಾರಿಸಿದ! (ಆ ರಾತ್ರಿ ಗುಂಪಿನಲ್ಲಿ ಬಂದ ಬೈಗುಳ ಇಲ್ಲಿ ಬರೆಯುವ ಹಾಗಿಲ್ಲ.) ಆ ಜಾಗವನ್ನು ಕೊನೆಗೆ ತುಂಬಿದ್ದು ಬೆಂಚ್ ಕಾಯುತ್ತಿದ್ದ ಟೈಲರ್ ಫಿಟ್ಜ್‌ಜೆರಾಲ್ಡ್. ಸತತ ಐದು ಪಂದ್ಯಗಳಲ್ಲಿ ಹೋಮ್ ರನ್ ಹೊಡೆದ. ಹೀಲಿಯಟ್ ರಾಮೋಸ್ ಕತೆ ಇನ್ನೂ ಚೆಂದ. ಮಾರ್ಚ್‌ನಲ್ಲಿ ತಂಡದಲ್ಲೇ ಜಾಗ ಸಿಗದೆ ಕೆಳಗಿನ ಲೀಗ್‌ಗೆ ಹೋದವನು, ಮೇನಲ್ಲಿ ವಾಪಸ್ ಬಂದ, ಜುಲೈನಲ್ಲಿ ಲೀಗ್‌ನ ಅತ್ಯುತ್ತಮರು ಆಡುವ ಆಲ್ ಸ್ಟಾರ್ ಪಂದ್ಯಕ್ಕೆ ಹೋದ.

ಹಾಗಾದರೆ ಈ ಶಿಬಿರ ದಂಡವಾ? ಅಲ್ಲ. ಬ್ಲೇಕ್ ಸ್ನೆಲ್ ನೋಡಿ. ಹಿಂದಿನ ವರ್ಷ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಗೆದ್ದವನು. ಒಪ್ಪಂದ ಎಳೆದಾಡಿ ಮಾರ್ಚ್ ಮೂರನೇ ವಾರದಲ್ಲಿ ಬಂದ. ಅಭ್ಯಾಸ ಪಂದ್ಯ ಒಂದೂ ಇಲ್ಲ. ಮೊದಲ ಆರು ಪಂದ್ಯಗಳಲ್ಲಿ ಒಂದೂ ಗೆಲುವಿಲ್ಲ, ಮಧ್ಯೆ ಗಾಯ ಬೇರೆ. ಚೇತರಿಸಿಕೊಂಡು ಬಂದವನು ಆಗಸ್ಟ್ 2ರಂದು ಸಿನ್ಸಿನಾಟಿಯಲ್ಲಿ ಎದುರಾಳಿಗೆ ಒಂದೇ ಒಂದು ಹಿಟ್ ಕೊಡದೆ ಇಡೀ ಪಂದ್ಯ ಎಸೆದು ಮುಗಿಸಿದ. ಮೈ ಹದಕ್ಕೆ ಬರೋದಕ್ಕೆ ಮಾರ್ಚ್ ಬೇಕು. ಮಾರ್ಚ್ ಬಿಟ್ಟರೆ ಏಪ್ರಿಲ್, ಮೇ ಅದಕ್ಕೇ ಹೋಗುತ್ತೆ.

ನನಗೆ ಈಗಲೂ ಚುಚ್ಚುವುದು ಜೆ. ಡಿ. ಡೇವಿಸ್ ವಿಷಯ. ಮೂರನೇ ಬೇಸ್ ಅವನದಿತ್ತು. ಸಂಬಳದ ತಕರಾರಿನಲ್ಲಿ ತಂಡದ ವಿರುದ್ಧವೇ ಪಂಚರ ಮುಂದೆ ವಾದಿಸಿ ಗೆದ್ದಿದ್ದ, 69 ಲಕ್ಷ ಡಾಲರ್. ಆಮೇಲೆ ಮಾರ್ಚ್ ಶುರುವಿನಲ್ಲಿ ಮ್ಯಾಟ್ ಚಾಪ್‌ಮನ್ ಬಂದ. ಓಕ್‌ಲ್ಯಾಂಡ್‌ನಲ್ಲಿ ಮೆಲ್ವಿನ್ ಕೈಕೆಳಗೇ ಆಡಿದವನು, ಅದೇ ಮೂರನೇ ಬೇಸಿನವನು. ಹತ್ತೇ ದಿನಕ್ಕೆ ಡೇವಿಸ್ ಹೊರಗೆ. ಪಂಚರ ತೀರ್ಪಿನಿಂದ ಬಂದ ಸಂಬಳಕ್ಕೆ ಆಗ ಪೂರ್ತಿ ಖಾತ್ರಿ ಇರಲಿಲ್ಲವಲ್ಲ, ಅವನ ಕೈಗೆ ಬಂದದ್ದು 11 ಲಕ್ಷದ ಆಸುಪಾಸು. ನಿಯಮ ಮೀರಿದ್ದು ಏನೂ ಇಲ್ಲ. ಚಾಪ್‌ಮನ್ ಅವನಿಗಿಂತ ಒಳ್ಳೆ ಆಟಗಾರ ಅನ್ನೋದರಲ್ಲೂ ಎರಡು ಮಾತಿಲ್ಲ. ಆದರೂ ‘ಯಾರ ಜಾಗ ಯಾವುದು ಅಂತ ಮೊದಲೇ ಹೇಳುವ ಮ್ಯಾನೇಜರ್’ ಅಂತ ಹೊಗಳುತ್ತಿದ್ದ ನಾನು ಆವತ್ತು ಸುಮ್ಮನಾದೆ. ಮ್ಯಾನೇಜರ್ ಹೇಳಬಹುದು. ಜಾಗ ಮಾತ್ರ ಅವರದಲ್ಲ, ಮೇಲಿನವರದು. ಮೆಲ್ವಿನ್‌ಗೂ ಅದು ಗೊತ್ತಾಯಿತು. ಮೊದಲ ವರ್ಷ 80 ಗೆಲುವು, ಎರಡನೇ ವರ್ಷ 81, ಆಮೇಲೆ ಅವರನ್ನೂ ಕಳಿಸಿದರು.

ಅದಕ್ಕೇ ವಿಟೆಲ್ಲೊ ಮೊದಲ ಬ್ಯಾಟರ್ ಮಾಡಿ ಯಾರನ್ನು ಕಳಿಸಿದರು ಅಂತ ನಾನು ಈ ಸಲ ಜಗಳ ಆಡಲ್ಲ. ಅವರು ಹುಡುಗರನ್ನು ಹುರಿದುಂಬಿಸುವುದರಲ್ಲಿ ಗಟ್ಟಿ ಅಂತ ಎಲ್ಲರೂ ಹೇಳುತ್ತಾರೆ, ಇರಬಹುದು. ನನಗೆ ಕುತೂಹಲ ಬೇರೆ. ಕಾಲೇಜಿನಲ್ಲಿ ಅವರ ಎದುರು ಇದ್ದವರು ಇಪ್ಪತ್ತರ ಆಸುಪಾಸಿನ ವಿದ್ಯಾರ್ಥಿಗಳು. ಇಲ್ಲಿ ಮಾರ್ಚ್ ಕೊನೆಯ ವಾರ, ಮನೆ ಕಂತು ಕಟ್ಟುತ್ತಿರುವ, ಇಬ್ಬರು ಮಕ್ಕಳಿರುವ ಮೂವತ್ತನಾಲ್ಕರ ಒಬ್ಬನನ್ನು ಕೋಣೆಗೆ ಕರೆದು ಬಾಗಿಲು ಹಾಕಬೇಕು. ಆ ಕೋಣೆಯೊಳಗಿನ ಮಾತು ಯಾವ ಟಿವಿಯಲ್ಲೂ ಬರಲ್ಲ.

ಮೊನ್ನೆ ಅಪ್ಪ ಫೋನ್ ಮಾಡಿದ್ದರು. ಮಂಡಿ ನೋವು, ಈ ವರ್ಷ ಬರೋಕಾಗಲ್ಲ ಅಂದರು. ಇಡುವ ಮುಂಚೆ ಕೇಳಿದರು, “ಆ ಮಣ್ಣಿನ ಹುಡುಗ ಏನಾದ, ಗೊತ್ತಾಯ್ತಾ?” ನಂಬರ್ ಬರೆದಿಟ್ಟುಕೊಂಡಿರಲಿಲ್ಲ ನಾನು.